ಮೂರನೇ ಖೋಲಿಯ ಕಿಟಕಿ ಎಲ್ಲಿ?

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನನ್ನ ತಮ್ಮನ ಮನೆಯ ಮಹಡಿಯನ್ನು ಅಷ್ಟಿಷ್ಟು ಒಡೆದು, ಅಲ್ಲಿ ಇನ್ನೊಂದು ಮಲಗುವ ಖೋಲಿ ಮಾಡಲು ಗುತ್ತಿಗೆದಾರರೊಬ್ಬರು ತಯಾರಿಸಿಕೊಟ್ಟಿರುವ ನಕ್ಷೆಯನ್ನು ಇಂದು ಬೆಳಿಗ್ಗೆ ನೋಡಿ ಬಂದೆ. ಪಾಲಿಟೆಕ್ನಿಕ್‌ನಲ್ಲಿ ನನ್ನ ಕೈಯಿಂದ ಡ್ರಾಯಿಂಗ್ ಶೀಟ್ ಹರಿಸಿಕೊಂಡವರು ಇಲ್ಲಿ ಹಲವರಿದ್ದೀರಿ. ಈ ನಕ್ಷೆಯನ್ನು ನಾನು ಹರಿಯದೆ, ಮಡಚಿ, ಚಹದ ಕಪ್ಪಿನ ಪಕ್ಕದಲ್ಲಿಟ್ಟು ಎದ್ದು ಬಂದೆ ಎಂದರೆ ನೀವು ನಂಬಲಾರಿರಿ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಚಿಕ್ಕದು. 20×40 ಅಡಿಯ ನಿವೇಶನ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಟ್ಟೆ ಒಣಹಾಕುವಷ್ಟು ಬಯಲು. ಉತ್ತರ, ದಕ್ಷಿಣಗಳಲ್ಲಿ ನೆರೆಯವರ ಗೋಡೆಗಳು ನಮ್ಮ ಗೋಡೆಗೆ ತಾಗಿಯೇ ನಿಂತಿವೆ. ಹಾಗಾಗಿ ಗಾಳಿ, ಬೆಳಕು ಬರುವುದಿದ್ದರೆ ಮುಂದಿನಿಂದ ಬರಬೇಕು, ಹಿಂದಿನಿಂದ ಬರಬೇಕು, ಇಲ್ಲವೇ ಮೇಲಿನಿಂದ ಇಳಿಯಬೇಕು. ಮಹಡಿಯಲ್ಲಿ ಈಗ ಬಾಲ್ಕನಿಗೆ ತೆರೆದುಕೊಂಡ ಉದ್ದನೆಯ ಹಾಲ್ ಇದೆ, ಅದರ ಪಕ್ಕದಲ್ಲಿ ಒಂದು ಸಣ್ಣ ಖೋಲಿ, ನಡುವೆ ಮೆಟ್ಟಿಲು, ಹಿಂದೆ ಇನ್ನೊಂದು ಖೋಲಿ ಮತ್ತು ಬಚ್ಚಲು ಇವೆ. ಗುತ್ತಿಗೆದಾರರ ಯೋಜನೆ ಬಹಳ ಸರಳವಾಗಿದೆ: ಹಾಲಿಗೆ ಅಡ್ಡಲಾಗಿ ಒಂದು ಗೋಡೆ ಎತ್ತುವುದು, ಒಳಭಾಗದ 8×9½ ಅಡಿಯನ್ನು ಮೂರನೇ ಖೋಲಿ ಎನ್ನುವುದು, ಬಾಲ್ಕನಿಯ ಕಡೆಯ ಹೊರಭಾಗವನ್ನು ಸೋಫಾ ಹಾಕಲು ಉಳಿಸಿಕೊಳ್ಳುವುದು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ಖೋಲಿಗೆ ಕಿಟಕಿ ಎಲ್ಲಿದೆ?

"ಅದಕ್ಕೇನ್ರಿ ಮೇಡಂ, ಮೆಟ್ಟಿಲದ ಕಡೀ ಒಂದು ಕಿಡಕಿ ಕೊಡ್ತೀವಲ್ರಿ" ಎಂದರು. ಮೆಟ್ಟಿಲಿನ ಕಡೆಗೆ ಕಿಟಕಿ! ಕೆಳಗಿನ ಅಡುಗೆಮನೆಯ ಒಗ್ಗರಣೆಯ ಹೊಗೆ ಮೇಲೇರುವ ದಾರಿ ಅದೊಂದೇ. ರಾತ್ರಿ ಅಲ್ಲಿ ಮಲಗಿದವರಿಗೆ ಮರುದಿನದ ಉಪಾಹಾರ ಏನೆಂಬುದು ಎದ್ದೇಳುವ ಮೊದಲೇ ತಿಳಿಯುವ ಅನುಕೂಲವಿದೆ ಎಂಬುದನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆ ಈ ವಿಷಯದಲ್ಲಿ ಏನೂ ಗೊಂದಲ ಉಳಿಸಿಲ್ಲ. ಜನ ವಾಸಿಸುವ ಕೋಣೆಯ ಕಿಟಕಿ ನೇರವಾಗಿ ಹೊರಗಿನ ಗಾಳಿಗೆ ಅಥವಾ ತೆರೆದ ಪಡಸಾಲೆಗೆ ತೆರೆದುಕೊಂಡಿರಬೇಕು. ನಮ್ಮಂತಹ ಒಣ ಬಿಸಿಲಿನ ಪ್ರದೇಶದಲ್ಲಿ ಆ ತೆರವು ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿರಬಾರದು. ಒಂದಕ್ಕಿಂತ ಹೆಚ್ಚು ಖೋಲಿಗಳಿರುವ ಮನೆಯಲ್ಲಿಯೂ ಅತಿ ಚಿಕ್ಕ ಖೋಲಿ 7.5 ಚದರ ಮೀಟರ್, ಅಂದರೆ ಸುಮಾರು 81 ಚದರ ಅಡಿ ಇರಬೇಕು. ನಮ್ಮ ಗುತ್ತಿಗೆದಾರರ ಖೋಲಿ 76 ಚದರ ಅಡಿ ಇದೆ. ಐದು ಅಡಿಗೇನು ಮಹಾ ಎಂದು ತಮ್ಮ ನಕ್ಕ. ಆ ಐದು ಅಡಿಯನ್ನು ನಾನೂ ಬಿಟ್ಟುಕೊಡುತ್ತಿದ್ದೆ, ಕಿಟಕಿ ಇದ್ದಿದ್ದರೆ.

ಊರು ಯಾವುದು ಎಂಬುದನ್ನಾದರೂ ನೋಡಬೇಡವೇ? ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ಛತ್ತು ಕತ್ತಲಾದ ಮೇಲೆ ಆ ಶಾಖವನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಅದು ಸರಿಯಾಗಿ ಜನ ಹಾಸಿಗೆ ಸೇರುವ ಹೊತ್ತು. ಕೆಳಗಿನ ಮನೆಯಲ್ಲಿ ಶಹಾಬಾದಿ ಫರ್ಸಿಯ ನೆಲ ಕಾಲಿಗಾದರೂ ತಂಪಾಗಿರುತ್ತದೆ, ಮಹಡಿಯಲ್ಲಿ ತಲೆಯ ಮೇಲೆಯೇ ಒಲೆ. ಆ ಬಿಸಿ ಗಾಳಿ ಹೊರಗೆ ಹೋಗಲು ಒಂದು ದಾರಿ, ರಾತ್ರಿಯ ತಂಗಾಳಿ ಒಳಗೆ ಬರಲು ಇನ್ನೊಂದು ದಾರಿ ಬೇಕು. ನಮ್ಮ ಕಡೆ ಬಡವರಿಂದ ಹಿಡಿದು ಉಳ್ಳವರವರೆಗೆ ಎಲ್ಲರೂ ನೆಚ್ಚಿರುವ ಕೂಲರ್ ಕೂಡ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅದನ್ನು ಕಿಟಕಿಗೆ ಹೊಂದಿಸಿ, ಹೊರಗಿನ ಒಣಗಾಳಿಯನ್ನು ತೊಯ್ದ ಹುಲ್ಲಿನ ಮೂಲಕ ಎಳೆದುಕೊಳ್ಳುವಂತೆ ಮಾಡಬೇಕು, ಎದುರಿಗೆ ಇನ್ನೊಂದು ತೆರವು ಬಿಡಬೇಕು. ಮುಚ್ಚಿದ ಖೋಲಿಯಲ್ಲಿ ಕೂಲರ್ ಇಟ್ಟರೆ ಅದು ತೇವಗೊಂಡ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಾಸಿಗೆ ಹಸಿಯಾಗುತ್ತದೆ, ಸೆಕೆ ಹಾಗೆಯೇ ಉಳಿಯುತ್ತದೆ.

"ಎಸಿ ಹಾಕಿದ್ರ ಆತಲ್ಲಕ್ಕ" ಎಂದ ತಮ್ಮ. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನನ್ನ ಮನೆಯಲ್ಲೂ ಎಸಿ ಇದೆ, ಮೇ ತಿಂಗಳಲ್ಲಿ ಅದಕ್ಕೆ ಕೈಮುಗಿಯುತ್ತೇನೆ. ಆದರೆ ಸಾಮಾನ್ಯವಾಗಿ ಮನೆಗಳಲ್ಲಿ ಹಾಕುವ ಸ್ಪ್ಲಿಟ್ ಎಸಿ ಹೊರಗಿನಿಂದ ಹೊಸ ಗಾಳಿ ತರುವುದಿಲ್ಲ, ಖೋಲಿಯ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಕರೆಂಟು ಹೋದಾಗ ಕಿಟಕಿಯಿರುವವರು ಕಿಟಕಿ ತೆರೆಯುತ್ತಾರೆ, ಇಲ್ಲದವರು ಎದ್ದು ಮೆಟ್ಟಿಲಿನ ಮೇಲೆ ಕುಳಿತುಕೊಳ್ಳಬೇಕು. ಒಂದು ತೆರವಿನ ಬದಲಿಗೆ ಜೀವಮಾನವಿಡೀ ಬಿಲ್ಲು ಕಟ್ಟುವುದನ್ನು ಪರಿಹಾರ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಗೋಡೆಯ ಭಾರದ ವಿಚಾರವನ್ನು ಅಲ್ಲಿ ಯಾರೂ ಎತ್ತಲಿಲ್ಲ, ನಾನೇ ಎತ್ತಬೇಕಾಯಿತು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು ಛತ್ತಿನವರೆಗೆ ಎತ್ತಿ ಎರಡೂ ಕಡೆ ಗಿಲಾವು ಮಾಡಿದರೆ ಒಂದು ಅಡಿ ಉದ್ದಕ್ಕೆ 200 ಕಿಲೋಗೂ ಹೆಚ್ಚು ತೂಗುತ್ತದೆ. ಎಂಟು ಅಡಿಗೆ ಹೆಚ್ಚುಕಡಿಮೆ ಎರಡು ಟನ್. ಕೆಳಗೆ ತೊಲೆ ಇಲ್ಲದ ಕಡೆ, ಸ್ಲ್ಯಾಬಿನ ನಟ್ಟನಡುವೆ ಅದನ್ನು ನಿಲ್ಲಿಸುವ ಮೊದಲು ಯಾರಾದರೂ ಲೆಕ್ಕ ಹಾಕಬೇಕಲ್ಲವೇ? ನಮ್ಮ ಎರೆಮಣ್ಣಿನ ಊರಿನಲ್ಲಿ ಮಳೆಗೆ ನೆಲ ಉಬ್ಬಿ, ಬೇಸಿಗೆಗೆ ಕುಗ್ಗಿ ಗೋಡೆಗಳು ತಾವಾಗಿಯೇ ಬಿರುಕು ಬಿಡುತ್ತವೆ, ಅವುಗಳಿಗೆ ನಮ್ಮ ನೆರವು ಬೇಕಿಲ್ಲ. ಎಎಸಿ ಬ್ಲಾಕಿನ, ಅಂದರೆ ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕಿನ, ತೆಳು ಗೋಡೆಯಾದರೆ ಭಾರ ಅರ್ಧಕ್ಕಿಂತ ಕಡಿಮೆ. "ಏನೂ ಆಗಂಗಿಲ್ರಿ ಮೇಡಂ, ಇಂಥವು ಭಾಳ ಮಾಡೀವಿ" ಎಂಬ ಉತ್ತರ ಬಂತು. ಅಂತಹ ಉತ್ತರಕ್ಕೆ ನಾನು ಪರೀಕ್ಷೆಯಲ್ಲಿ ಎಷ್ಟು ಅಂಕ ಕೊಡುತ್ತಿದ್ದೆ ಎಂಬುದು ನಿಮಗೆ ನೆನಪಿರಬಹುದು.

ನನ್ನನ್ನು ನಿಜವಾಗಿ ಕೆರಳಿಸಿದ್ದು ಆ ಹೊರಗಿನ ಅರ್ಧ ಹಾಲ್. ಮಹಡಿಯ ಆ ಹಾಲಿನಲ್ಲಿ ಯಾರೂ ಕೂಡುವುದಿಲ್ಲ. ಟಿವಿ ಕೆಳಗಿದೆ, ಬಂದವರು ಕೆಳಗೇ ಕೂಡುತ್ತಾರೆ, ಮೊಣಕಾಲು ನೋವಿನ ಅವ್ವ ಮೇಲೆ ಹತ್ತುವುದೇ ಇಲ್ಲ. ಆದರೂ ಪೂರ್ವದ ಬೆಳಕು, ಬಾಲ್ಕನಿಯ ಗಾಳಿ ಎಲ್ಲವೂ ಅಲ್ಲಿನ ಸೋಫಾಕ್ಕೆ ಮೀಸಲು, ಮನುಷ್ಯರು ಮಾತ್ರ ಅದರ ಹಿಂದಿನ ಕತ್ತಲಿಗೆ ಹೋಗಬೇಕು. ಯಾಕೆಂದು ಕೇಳಿದರೆ, "ಮ್ಯಾಲೆ ಒಂದು ಹಾಲ್ ಇರಲಿಲ್ಲಂದ್ರ ಮನಿ ಅನ್ಸಂಗಿಲ್ರಿ."

ಆ ಹಾಲನ್ನೇ ತೆಗೆದುಹಾಕಿ ಎಂಬುದು ನನ್ನ ಮಾತು. ಬಾಲ್ಕನಿಯ ಕಡೆಯ 10×11 ಅಡಿಯನ್ನು ಪೂರ್ತಿ ಖೋಲಿಯನ್ನಾಗಿ ಮಾಡಿದರೆ 4×3 ಅಡಿಯ ಒಂದು ಕಿಟಕಿಯಿಂದಲೇ ಹತ್ತನೇ ಒಂದು ಭಾಗದ ಲೆಕ್ಕ ತುಂಬಿ ಮಿಗುತ್ತದೆ, ಬಾಲ್ಕನಿಯ ಬಾಗಿಲು ಬೇರೆ. ಹಿಂದೆ ಉಳಿಯುವ ಕತ್ತಲ ಜಾಗದಲ್ಲಿ ಮೂರೂವರೆ ಅಡಿ ಓಡಾಟಕ್ಕೆ ಬಿಟ್ಟು, ಉಳಿದ ಕಡೆ ಕಪಾಟು, ಹಾಸಿಗೆಗಳ ರಾಶಿ, ಇನ್ವರ್ಟರ್, ದಸರೆಯ ಗೊಂಬೆಗಳ ಪೆಟ್ಟಿಗೆ ಎಲ್ಲವನ್ನೂ ಇಡಬಹುದು, ಅವು ಉಸಿರಾಡುವುದಿಲ್ಲ. ಇಂತಹ ಅಂಟಿಕೊಂಡ ಮನೆಗಳಲ್ಲಿ ಹೊರಗೋಡೆ ಮನುಷ್ಯರಿಗೆ, ನಡುಭಾಗ ಸಾಮಾನಿಗೆ ಮತ್ತು ಮೆಟ್ಟಿಲಿಗೆ ಎಂಬ ಹಂಚಿಕೆಯನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೇ ಹೇಳಿಕೊಡುತ್ತಿದ್ದೆ. ಮೆಟ್ಟಿಲಿನ ತಲೆಯ ಮೇಲೆ ಛತ್ತಿನಿಂದ ಒಂದೂವರೆ ಅಡಿ ಎತ್ತರಿಸಿ, ಪಕ್ಕಗಳಲ್ಲಿ ಜಾಲಿ ಇಟ್ಟ ಬೆಳಕಿಂಡಿ ಮಾಡಿದರೆ ಆ ನಡುಭಾಗಕ್ಕೂ ಬೆಳಕು ಇಳಿಯುತ್ತದೆ, ಒಗ್ಗರಣೆಯ ಹೊಗೆಯೂ ಬಿಸಿ ಗಾಳಿಯೂ ಅಲ್ಲಿಂದಲೇ ಹೊರಬೀಳುತ್ತವೆ. ಇದೇನು ನನ್ನ ಆವಿಷ್ಕಾರವಲ್ಲ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿ; 1367ರಲ್ಲಿ ಕಟ್ಟಿದ್ದು, ಅಂಗಳವೇ ಇಲ್ಲ, ಪೂರ್ತಿ ಛಾವಣಿ ಮುಚ್ಚಿದ ಕಟ್ಟಡ. ಆದರೂ ಪಕ್ಕದ ಅಗಲವಾದ ಕಮಾನುಗಳಿಂದಲೂ ದೊಡ್ಡ ಗುಮ್ಮಟದ ಕೆಳಗಿನ ಕಿಂಡಿಗಳಿಂದಲೂ ಒಳಗೆ ಬೆಳಕು ಬರುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ನಿಲ್ಲಿಸಿ ತೋರಿಸಿದ್ದೇನೆ. ಅಷ್ಟು ದೊಡ್ಡ ಛಾವಣಿಯ ಕೆಳಗೆ ಸಾಧ್ಯವಾದದ್ದು ಒಂದು ಮೆಟ್ಟಿಲಿನ ಮೇಲೆ ಸಾಧ್ಯವಿಲ್ಲವೇ?

ಇಷ್ಟು ಸಿಟ್ಟು ಯಾಕೆ, ಅವರ ಮನೆ ಅವರಿಷ್ಟ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಖೋಲಿ ಯಾರಿಗೆ ಎಂದು ನಾನು ಕೇಳಿರಲಿಲ್ಲ. ಮಗಳು ಕಾಲೇಜಿಗೆ ಬಂದಿದ್ದಾಳೆ, ಅವಳಿಗಿರಬೇಕು ಎಂದುಕೊಂಡಿದ್ದೆ. ನಾನು ಎದ್ದು ಹೊರಟಾಗ ತಮ್ಮನ ಹೆಂಡತಿ ಬಾಗಿಲಿನವರೆಗೆ ಬಂದು, "ಅಕ್ಕಾರ, ಅದು ನಿಮಗಂತನೇ ಮಾಡ್ಸ್ಲತ್ತೀವ್ರಿ, ಒಬ್ಬರೇ ಎಷ್ಟು ದಿನ ಅಲ್ಲಿರ್ತೀರಿ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಟೋದಲ್ಲಿ ಕುಳಿತ ಮೇಲೆ ಕಣ್ಣು ತುಂಬಿತು, ಅದರ ಬೆನ್ನಿಗೇ ಸಿಟ್ಟು ಇಮ್ಮಡಿಯಾಯಿತು. ಪ್ರೀತಿಯಿಂದ ಕರೆಯುತ್ತಿದ್ದಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಜೀವನವಿಡೀ ಊರಿನ ಮಕ್ಕಳಿಗೆ ಕಿಟಕಿ ಎಲ್ಲಿಡಬೇಕೆಂದು ಕಲಿಸಿದವಳಿಗೆ ಕಿಟಕಿಯಿಲ್ಲದ ಖೋಲಿಯೇ? ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ಅವ್ವನ ಮುಖ ನೋಡಿದರೆ ಹೋಗಬೇಕೆನಿಸುತ್ತದೆ.

ಮಧ್ಯಾಹ್ನ ಊಟವನ್ನೂ ಮಾಡದೆ ಕುಳಿತು ನನ್ನ ನಕ್ಷೆ ಬರೆದು, ಫೋಟೊ ತೆಗೆದು ತಮ್ಮನಿಗೆ ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಸೋಫಾ ಎಲ್ಲಿಡುವುದು ಎಂದು ಗಂಡ ಹೆಂಡತಿ ಚರ್ಚಿಸುತ್ತಿರಬೇಕು. ಈ ನಡುವೆ, ಎಎಸಿ ಬ್ಲಾಕಿನ ಕೆಲಸ ಚೆನ್ನಾಗಿ ಬಲ್ಲ, ತೊಲೆ ಎಲ್ಲಿದೆ ಎಂದು ನೋಡಿಯೇ ಗೋಡೆ ಎತ್ತುವ ಗೌಂಡಿ ಯಾರಾದರೂ ನಿಮಗೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ನನ್ನ ಹಳೆಯ ವಿದ್ಯಾರ್ಥಿಯಾಗಿದ್ದರೆ ಇನ್ನೂ ಒಳ್ಳೆಯದು, ಬೈಯಲು ಅನುಕೂಲ.