ಡಿ ಮಾರ್ಗನ್ ಮೇಷ್ಟ್ರಿಗೂ ಗೊತ್ತಿರಲಿಲ್ಲ

ಪಿಯುಸಿಯಲ್ಲಿ ಗಣಗಳ ಪಾಠ ಓದಿದವರಿಗೆ ಡಿ ಮಾರ್ಗನ್ ನಿಯಮ ನೆನಪಿರಬಹುದು. ಸಂಯೋಗದ ಪೂರಕ ಅಂದರೆ ಪೂರಕಗಳ ಛೇದನ, ಅಂದರೆ ಎರಡು ಗುಂಪು ಸೇರಿಸಿದಾಗ ಹೊರಗೆ ಉಳಿಯೋದು ಎರಡರಲ್ಲೂ ಇಲ್ಲದ್ದು ಮಾತ್ರ. ನಾನೂ ಉರು ಹೊಡೆದೇ ಪಾಸಾದವನು. ಈ ಡಿ ಮಾರ್ಗನ್ ಯಾರು ಸಾರ್ ಅಂತ ಒಮ್ಮೆ ಕೇಳಿದ್ದಕ್ಕೆ "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಅನ್ನೋ ಉತ್ತರ ಸಿಕ್ಕಿತ್ತು.

ಆಸಾಮಿ ಹುಟ್ಟಿದ್ದು ಇಲ್ಲೇ ಮದುರೈಯಲ್ಲಿ, 1806ರಲ್ಲಿ! ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಹುಟ್ಟಿದ ಸ್ವಲ್ಪ ದಿನಕ್ಕೇ ಮಗುವಿನ ಬಲಗಣ್ಣು ಹೋಯಿತು. ಏಳು ತಿಂಗಳಿಗೆ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. 21ನೇ ವಯಸ್ಸಿಗೆ ಲಂಡನ್ನಿನಲ್ಲಿ ಗಣಿತದ ಪ್ರೊಫೆಸರ್. ಆ ಕೆಲಸವನ್ನೂ ಎರಡು ಸಲ ತತ್ವಕ್ಕಾಗಿ ಬಿಟ್ಟು ಬಂದರು. ತಮ್ಮ ವಯಸ್ಸನ್ನು ಒಗಟಾಗಿ ಹೇಳೋ ಚಟ ಬೇರೆ: ವಯಸ್ಸನ್ನು ವಯಸ್ಸಿನಿಂದಲೇ ಗುಣಿಸಿದರೆ ಬರುವ ಇಸವಿಯಲ್ಲಿ ನನಗೆ ಅಷ್ಟು ವಯಸ್ಸು ಅಂತ. 43 ಇಂಟು 43, 1849. (1980ರಲ್ಲಿ ಹುಟ್ಟಿದವರು ಖುಷಿಪಡಿ. 2025ರಲ್ಲಿ ನಿಮಗೂ ಈ ಯೋಗ ಬಂದಿತ್ತು.)

ಆದರೆ ನನಗೆ ಇವರು ಹತ್ತಿರವಾದದ್ದು ಕಾಗದಗಳಿಂದ. 1852ರ ಅಕ್ಟೋಬರ್ 23ರಂದು ಡಬ್ಲಿನ್ನಿನ ಗಣಿತಜ್ಞ ಹ್ಯಾಮಿಲ್ಟನ್‌ಗೆ ಬರೆದದ್ದು ಈಗ ಅಲ್ಲಿನ ಟ್ರಿನಿಟಿ ಕಾಲೇಜಿನ ಲೈಬ್ರರಿಯಲ್ಲಿದೆ. ನಾನು ನೋಡಿದ್ದು ಬರೀ ಚಿತ್ರ, ಮೊಬೈಲಿನಲ್ಲಿ. ವಿಷಯ ಇಷ್ಟೇ. ಒಬ್ಬ ವಿದ್ಯಾರ್ಥಿ ಬಂದು, ಯಾವ ನಕ್ಷೆಗಾದರೂ ಅಕ್ಕಪಕ್ಕದ ಭಾಗಗಳಿಗೆ ಒಂದೇ ಬಣ್ಣ ಬರದ ಹಾಗೆ ತುಂಬಲು ನಾಲ್ಕೇ ಬಣ್ಣ ಸಾಕಂತೆ, ಯಾಕೆ ಅಂತ ಕೇಳಿದ. ಇದು ನಿಜ ಅನ್ನೋದೇ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ ಅಂತ ಮೇಷ್ಟ್ರು ಬರೆದುಕೊಂಡಿದ್ದಾರೆ. ಜೊತೆಗೆ ಕೈಯಲ್ಲೇ ಗೀಚಿದ ಸಣ್ಣ ಚಿತ್ರ. ನೀವು ಯಾವುದೋ ಸುಲಭದ ಉದಾಹರಣೆ ಕೊಟ್ಟು ನನ್ನನ್ನು ಪೆದ್ದ ಮಾಡಿದರೆ ಸ್ಫಿಂಕ್ಸ್ ಮಾಡಿದ್ದನ್ನೇ ನಾನೂ ಮಾಡಬೇಕಾದೀತು ಅಂತ ತಮಾಷೆ. ಗ್ರೀಕ್ ಪುರಾಣದಲ್ಲಿ ದಾರಿಹೋಕರಿಗೆ ಒಗಟು ಹಾಕುವ ಪ್ರಾಣಿ ಈ ಸ್ಫಿಂಕ್ಸ್. ಒಬ್ಬ ಅದರ ಒಗಟು ಬಿಡಿಸಿದ್ದಕ್ಕೆ ಬೆಟ್ಟದಿಂದ ಹಾರಿ ಸತ್ತಿತ್ತು!

ಮೂರೇ ದಿನಕ್ಕೆ ಹ್ಯಾಮಿಲ್ಟನ್ ಉತ್ತರ: ಸದ್ಯಕ್ಕಂತೂ ನಾನು ಇದಕ್ಕೆ ಕೈಹಾಕುವ ಹಾಗೆ ಕಾಣುವುದಿಲ್ಲ. ನಾಲ್ಕೇ ಬಣ್ಣ ಸಾಕು ಅನ್ನೋದಕ್ಕೆ ಪುರಾವೆ ಸಿಕ್ಕಿದ್ದು 1976ರಲ್ಲಿ, ಅದೂ ಕಂಪ್ಯೂಟರ್ ಸಹಾಯದಿಂದ.

ಪಠ್ಯಪುಸ್ತಕದಲ್ಲಿ ಡಿ ಮಾರ್ಗನ್ ಅಂದರೆ ಎರಡು ಸಾಲಿನ ನಿಯಮ, ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಕಾಗದದಲ್ಲಿ ತಲೆ ಕೆರೆದುಕೊಳ್ಳುವ ಮನುಷ್ಯ ಸಿಗುತ್ತಾರೆ. ಮಕ್ಕಳಿಗೆ ನಿಯಮಕ್ಕಿಂತ ಮೊದಲು ಈ ಮನುಷ್ಯನನ್ನು ತೋರಿಸಬೇಕು ಅನ್ನೋದು ನನ್ನ ಹಟ.

ಕಾಗದಗಳು ಒಳ್ಳೆಯದನ್ನೇ ಹೇಳುತ್ತವೆ ಅಂತಲ್ಲ. 1840-41ರಲ್ಲಿ ಇವರು, ಮೊದಲ ಕಂಪ್ಯೂಟರ್ ಪ್ರೋಗ್ರಾಂ ಬರೆದವಳು ಅಂತ ಹೆಸರಾದ ಏಡಾ ಲವ್‌ಲೇಸ್‌ಗೆ ಅಂಚೆಯಲ್ಲೇ ಕ್ಯಾಲ್ಕುಲಸ್ ಹೇಳಿಕೊಟ್ಟರು. ಆ ಕಾಗದಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿವೆ. ಒಂದರಲ್ಲಿ ಆಕೆ, ಈ ಸಮೀಕರಣಗಳು ಕೊಳ್ಳಿದೆವ್ವದ ಹಾಗೆ, ಹಿಡಿದೆ ಅನ್ನೋ ಹೊತ್ತಿಗೆ ದೂರ ಓಡುತ್ತವೆ ಅಂತ ಗೋಳಾಡುತ್ತಾಳೆ. ನಮ್ಮ ಟ್ಯೂಷನ್ ಮಕ್ಕಳದೂ ಇದೇ ಗೋಳು ಅಲ್ವಾ! ಡಿ ಮಾರ್ಗನ್ ತಾಳ್ಮೆಯಿಂದ ತಿದ್ದಿದರು. ಆದರೆ ಅದೇ ಮನುಷ್ಯ 1844ರಲ್ಲಿ ಏಡಾಳ ತಾಯಿಗೆ, ಗಣಿತ ಕೇಳುವ ಶ್ರಮ ಹೆಣ್ಣಿನ ದೇಹಕ್ಕೆ ಮೀರಿದ್ದು ಅಂತ ಬರೆದರು. ಓದಿ ಸಿಟ್ಟು ಬಂತು.

ಇನ್ನೊಂದು ಕಡೆ, ದೆಹಲಿಯ ಮೇಷ್ಟ್ರು ರಾಮಚಂದ್ರ 1850ರಲ್ಲಿ ಬರೆದ ಗಣಿತದ ಪುಸ್ತಕ ಇವರ ಕೈಗೆ ಸಿಕ್ಕಿತು. ಕ್ಯಾಲ್ಕುಲಸ್ ಇಲ್ಲದೆ ಬರೀ ಬೀಜಗಣಿತದಲ್ಲಿ ಗರಿಷ್ಠ, ಕನಿಷ್ಠ ಕಂಡುಹಿಡಿಯುವ ದಾರಿ ಅದರಲ್ಲಿತ್ತು. ಇವರು ಈಸ್ಟ್ ಇಂಡಿಯಾ ಕಂಪನಿಯವರ ಬೆನ್ನುಬಿದ್ದು 1859ರಲ್ಲಿ ಅದನ್ನು ಲಂಡನ್ನಿನಲ್ಲಿ ಮತ್ತೆ ಅಚ್ಚು ಹಾಕಿಸಿದರು, ಮುನ್ನುಡಿಯನ್ನೂ ಬರೆದರು. ನಾಲ್ಕು ಬಣ್ಣದ ಕಾಗದದಷ್ಟೇ ಇದೂ ನನಗೆ ಇಷ್ಟ.

ಹೋದ ಭಾನುವಾರ ಸುಮ್ನೆ ಆ ಕಾಗದದ ಪ್ರಿಂಟ್ ತೆಗೆದು ಟ್ಯೂಷನ್ನಿಗೆ ಒಯ್ದಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿ ಚಿತ್ರವನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದು ಐದನೇ ಬಣ್ಣ ಬೇಕೇ ಬೇಕಾಗುವ ನಕ್ಷೆ ಬರೆಯಲು ಕೂತಳು. ಎರಡು ಹಾಳೆ ತುಂಬಿತು. ಆಗಲ್ಲ ಕಣಮ್ಮ ಅಂತ ನಾನಂತೂ ಹೇಳಲಿಲ್ಲ.