ಬೆಂಗಳೂರೇ ಊರೂರನ್ನು ಸಾಕುತ್ತಿದೆ: ಲೆಕ್ಕ ಬರೆಯುವ ಕ್ರಮ

‘ನಮ್ಮ ತೆರಿಗೆಯಲ್ಲಿ ನಿಮ್ಮ ಜಿಲ್ಲೆ ನಡೀತಿದೆ’ ಎಂದು ಬೆಂಗಳೂರಿನವರು ಬಾಯಿಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಲೆಕ್ಕ ತೋರಿಸಬೇಕು. ಲೆಕ್ಕವೇನೂ ಕಷ್ಟದ್ದಲ್ಲ. ಯಾವ ಕಾಲಂ ಹಾಕಬಾರದು ಅಂತ ಗೊತ್ತಿದ್ದರಾಯಿತು.

ಮೊದಲು ಜಮೆ ಬರೆಯಿರಿ. ಇಲ್ಲಿ ದುಡಿಮೆ ನೋಡಬಾರದು, ವಿಳಾಸ ನೋಡಬೇಕು. ಜಿಎಸ್‌ಟಿಯಲ್ಲಿ ಒಂದು ರಾಜ್ಯಕ್ಕೆ ಒಂದೇ ನೋಂದಣಿ ಸಾಕು. ಕಲಬುರಗಿ ಜಿಲ್ಲೆಯ ಸೇಡಂ ಕಡೆ ಸುಣ್ಣದಕಲ್ಲು ಒಡೆದು ಸಿಮೆಂಟ್ ಮಾಡುವವರು ಬೆಂಗಳೂರಿನ ಒಂದು ಮಹಡಿಯನ್ನು ‘ಮುಖ್ಯ ಸ್ಥಳ’ ಎಂದು ಬರೆಸಿ, ಇಡೀ ಕಾರ್ಖಾನೆಯನ್ನು ‘ಹೆಚ್ಚುವರಿ ಸ್ಥಳ’ ಎಂದು ಕೆಳಗೆ ಸೇರಿಸಬಹುದು. ಸಂಬಳದಲ್ಲಿ ಮುರಿದುಕೊಳ್ಳುವ ಆದಾಯ ತೆರಿಗೆಯೂ (ಟಿಡಿಎಸ್) ಹೆಡ್ ಆಫೀಸಿನಿಂದಲೇ ಹೋಗುತ್ತದೆ. ಧೂಳು ಸೇಡಂಗೆ, ಚಲನ್ ಬೆಂಗಳೂರಿಗೆ. ನಗರ ದುಡಿಯುವುದಿಲ್ಲ ಅಂತಲ್ಲ, ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅದರದೇ. ಆದರೆ ನಿಜವಾದ ದುಡಿಮೆಯ ಜೊತೆಗೆ ಬೋರ್ಡು ನೇತುಹಾಕಿದ ದುಡಿಮೆಯನ್ನೂ ಕೂಡಿಸಿದರೆ ಮೊತ್ತಕ್ಕೆ ಇನ್ನೂ ಕಳೆ ಬರುತ್ತದೆ.

ಈಗ ಖರ್ಚು. ನೀರನ್ನು ಇಲ್ಲಿ ಬರೆಯಲೇಬೇಡಿ, ಬರೆದರೆ ಲೆಕ್ಕ ಕೆಡುತ್ತದೆ. ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಹೊಡೆದು, ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ತಳ್ಳಬೇಕು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಪಂಪಿಗೆ ಕರೆಂಟು ಎಲ್ಲಿಂದ ಎಂದು ಕೇಳುವವರನ್ನು ಸಭೆಗೆ ಕರೆಯಬೇಡಿ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರವಿದೆ. ವಿದ್ಯುತ್ತು ಗ್ರಿಡ್ಡಿಗೆ ಹೋಗುತ್ತದೆ, ಹಾರುಬೂದಿ ಮಾತ್ರ ಊರು ಬಿಟ್ಟು ಹೋಗಲೊಲ್ಲದು. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನು ಸೋಲಾರ್ ಫಲಕದ ಕೆಳಗೆ ಮಲಗಿದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ನಗರದಲ್ಲಿ ಆ ದುಡ್ಡಿಗೆ ಒಂದು ತಿಂಗಳು ಎರಡು ಕೋಣೆಯ ಮನೆ ಸಿಕ್ಕರೆ ಪುಣ್ಯ.

ಇವೆಲ್ಲ ‘ಅಭಿವೃದ್ಧಿ’ಯ ಖಾತೆಗೆ. ರೈತನ 10 ಎಚ್‌ಪಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರಿಫೇಸ್ ಕೊಡುವುದು, ಅದೂ ಅರ್ಧ ಪಾಲು ಹಾವು ಓಡಾಡೋ ಹೊತ್ತಿನಲ್ಲಿ, ಅದು ಮಾತ್ರ ‘ಸಬ್ಸಿಡಿ’. ಕೆಂಪು ಶಾಯಿಯಲ್ಲಿ ಬರೆಯಿರಿ.

ಕುಡಿದು, ಮಿಂದು, ತೊಳೆದು ಬಿಟ್ಟ ನೀರು ಮಾತ್ರ ಲೆಕ್ಕಕ್ಕೆ ಬರಲಿ, ಅದು ದಾನದ ಕಾಲಂ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ 2018ರ ಜೂನಿನಲ್ಲಿ ಶುರುವಾಯಿತು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಸಂಸ್ಕೃತಿ ಜಿಲ್ಲೆಗೂ ತಲುಪಿತಲ್ಲ! ಅಂತರ್ಜಲ ಏರಿದ್ದು ನಿಜ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡದ್ದೂ ನಿಜ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ಕೋಲಾರದವರು ಕೇಳುತ್ತಲೇ ಇದ್ದಾರೆ. ಹೊಟ್ಟೆಗೆ ಹೋಗುವ ಸೊಪ್ಪಿಗೆ ಅದೇ ನೀರು ಅನ್ನುವುದು ಅವರ ತಕರಾರು. ಆ ಸೊಪ್ಪು ಬೆಳಿಗ್ಗೆ ಯಾವ ಮಾರ್ಕೆಟ್ಟಿಗೆ ಬರುತ್ತದೆಂದು ನಗರದವರೂ ಒಮ್ಮೆ ಯೋಚಿಸಬಹುದಿತ್ತು.

ಕಸದ ಕಾಲಂ ಬೇಡವೇ ಬೇಡ. ನಗರದ ಕಸವನ್ನು ಊರ ಪಕ್ಕ ಸುರಿಸಿಕೊಂಡ ಮಾವಳ್ಳಿಪುರ, ಮಂಡೂರಿನವರು ಬಂದು ಸಾಕ್ಷಿ ಸಹಿ ಹಾಕಿಯಾರು.

ಇಷ್ಟು ಬರೆದು ಪುಸ್ತಕ ಮುಚ್ಚುವ ಮುನ್ನ ದೆಹಲಿಗೆ ಹೋಗಬೇಕು. 2024ರ ಫೆಬ್ರುವರಿಯಲ್ಲಿ ಜಂತರ್ ಮಂತರ್‌ನಲ್ಲಿ ನಮ್ಮ ಸರ್ಕಾರವೇ ಧರಣಿ ಕೂತು, ನಾವು ಕಟ್ಟಿದ ತೆರಿಗೆ ನಮಗೆ ವಾಪಸು ಬರುತ್ತಿಲ್ಲ ಎಂದು ಕೂಗಿತು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಿತ್ತು. ಆ 15ನೇ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ ಇತ್ತು, ಅಂದರೆ ತಲಾ ಆದಾಯ ಹೆಚ್ಚಿದ್ದಷ್ಟೂ ರಾಜ್ಯಕ್ಕೆ ಪಾಲು ಕಡಿಮೆ. ಬೆಂಗಳೂರಿನ ಸಂಬಳ ಇಡೀ ರಾಜ್ಯದ ಸರಾಸರಿಯನ್ನು ಎತ್ತಿ ಹಿಡಿಯುತ್ತದೆ, ಯಾದಗಿರಿಯ ಕೂಲಿಯವನೂ ದೆಹಲಿಯ ಕಡತದಲ್ಲಿ ಸ್ಥಿತಿವಂತನಾಗುತ್ತಾನೆ. ಬೆಂಗಳೂರು ತನ್ನನ್ನು ಸಾಕುತ್ತಿದೆ ಅಂತಲೂ ಅವನು ಕೇಳಬೇಕು, ಬೆಂಗಳೂರಿನ ದೆಸೆಯಿಂದ ತನಗೆ ಬರುವುದು ಕಡಿಮೆಯಾಗುವುದನ್ನೂ ನೋಡಬೇಕು. ಜಂತರ್ ಮಂತರ್‌ನ ಅದೇ ಮಾತನ್ನು ಬೆಂಗಳೂರಿನವರು ಆಡಿದರೆ ನಮ್ಮ ಮಂತ್ರಿಗಳಿಗೆ ರಾಜ್ಯದ ಏಕತೆ ನೆನಪಾಗುತ್ತದೆ.

ಹಳ್ಳಿ ಕಡೆಯ ನಾಯಕರ ಲೆಕ್ಕವೂ ಕಡಿಮೆಯದ್ದಲ್ಲ: ಭಾಷಣ ಕ್ಷೇತ್ರದಲ್ಲಿ, ಬಂಗಲೆ ಸದಾಶಿವನಗರದಲ್ಲಿ. 2002ರಲ್ಲಿ ಪ್ರಾದೇಶಿಕ ಅಸಮಾನತೆಯ ಕುರಿತ ನಂಜುಂಡಪ್ಪ ಸಮಿತಿ 35 ಸೂಚಕ ಇಟ್ಟು ಅಳೆದು, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಎಂಟು ವರ್ಷದಲ್ಲಿ 31,000 ಕೋಟಿ ಎಂದು ಯೋಜನೆಯೂ ಆಯಿತು. ಆಮೇಲೆ 2024ರಲ್ಲಿ ಮತ್ತೊಂದು ಸಮಿತಿ. ಈ ನಡುವೆ, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ವರ್ಷಕ್ಕೆ ಹತ್ತು ದಿನ ಅಧಿವೇಶನ, ಉಳಿದ ದಿನ ಗಾಳಿ ಬೆಳಕು. 2022ರಲ್ಲಿ ಅದರ ಮೆಟ್ಟಿಲ ಮೇಲೆ ಶಾವಿಗೆ, ಹಪ್ಪಳ ಒಣಗಿಸಿದ ಫೋಟೊ ಹರಿದಾಡಿ ಗದ್ದಲವಾಯಿತು. ಅಷ್ಟು ದೊಡ್ಡ ಕಟ್ಟಡದಿಂದ ಜನರ ಊಟದ ತಟ್ಟೆಗೆ ಏನಾದರೂ ಬರುವ ಸಾಧ್ಯತೆ ಕಂಡದ್ದು ಅದೊಂದೇ ಸಲ.

ಅಧಿವೇಶನ ನಡೆಸುವವರಿಗೆ ಒಂದು ಸೂಚನೆ: ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ಎರಡು ದಿನಕ್ಕೆ ಇಡಿ. ಆ ಹೊತ್ತಿಗೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ವಿಮಾನದಲ್ಲಿ ಸೀಟು ಸಿಗುವುದು ಕಷ್ಟ, ಸದನದಲ್ಲಿ ಬೇಕಾದಷ್ಟು ಸೀಟು ಖಾಲಿ.