ಮಸೂದೆ ಸದನದಲ್ಲೇ ಸಿಕ್ಕಿಬಿದ್ದರೆ ಜನರಿಗೆ ಒಳ್ಳೆಯದೇ? ಪರ – ವಿರೋಧ

ಪರ: ಸಿಕ್ಕಿಬೀಳಲಿ ಬಿಡಿ
(ನಿವೃತ್ತ ಶಿಕ್ಷಕಿ, ಸುರತ್ಕಲ್)

ನಮ್ಮ ಕಡೆ ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆ ಹೋದ ಮೇಲೆ ಹಲಗೆ ಇಳಿಸುತ್ತಾರೆ. ಇಳಿಸದಿದ್ದರೆ ಉಬ್ಬರದ ಹೊತ್ತಿಗೆ ಸಮುದ್ರದ ನೀರು ಮೇಲೆ ಬಂದು ಬಾವಿಯೆಲ್ಲ ಉಪ್ಪು. ಆ ಹಲಗೆ ನೋಡಿ ಯಾರೂ ‘ಅಯ್ಯೋ ನೀರು ನಿಂತಿತಲ್ಲಾ’ ಅಂತ ಅಳುವುದಿಲ್ಲ. ಸದನದಲ್ಲಿ ಒಂದು ಮಸೂದೆ ನಿಂತರೆ ಮಾತ್ರ ಟಿವಿಯಲ್ಲಿ ಎಲ್ಲರೂ ಅಳುತ್ತಾರೆ. ಕಲಾಪ ಬಲಿಯಂತೆ, ತೆರಿಗೆ ಹಣ ಪೋಲಂತೆ.

ನಾನು ಅಳುವುದಿಲ್ಲ. ಅವಸರದಲ್ಲಿ ಪಾಸಾದ ಕಾಯ್ದೆ ಏನು ಮಾಡುತ್ತದೆ ಅಂತ ನೋಡಿದ್ದೇನೆ. 2020ರ ಸೆಪ್ಟೆಂಬರ್ 20, ಭಾನುವಾರ. ರಾಜ್ಯಸಭೆಯಲ್ಲಿ ಕೃಷಿ ಮಸೂದೆ. ವಿರೋಧ ಪಕ್ಷದವರು ಮತ ಎಣಿಸಿ ಅಂದರು. ಎಣಿಸಲಿಲ್ಲ. ಧ್ವನಿಮತದಲ್ಲಿ ಮುಗಿಯಿತು. ಆಮೇಲೆ ರೈತರು ದೆಹಲಿ ಗಡಿಯಲ್ಲಿ ಚಳಿ ಮಳೆ ಎನ್ನದೆ ಒಂದು ವರ್ಷ ಕುಳಿತರು. 2021ರ ನವೆಂಬರ್ 29ಕ್ಕೆ ಅದೇ ಸಂಸತ್ತು ಅದನ್ನು ರದ್ದು ಮಾಡಿತು. ಆವತ್ತೂ ಚರ್ಚೆ ಇಲ್ಲ! ಆ ಕಾಯ್ದೆ ಒಳ್ಳೆಯದೋ ಕೆಟ್ಟದ್ದೋ ನನಗೆ ಬೇಡ. ಮಸೂದೆಯನ್ನು ಕೂತು ಪರಿಶೀಲಿಸುವ ಒಂದು ಸೆಲೆಕ್ಟ್ ಕಮಿಟಿಗೆ ಕಳಿಸಿ ಆರು ತಿಂಗಳು ಕೂರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಇನ್ನು 2015ರದ್ದು ನೋಡಿ. ಭೂಸ್ವಾಧೀನ ಕಾಯ್ದೆ 2013ರಲ್ಲಿ ಬಂದಿತ್ತು. ಖಾಸಗಿ ಕಂಪನಿಗೆ ಜಾಗ ಬೇಕಾದರೆ ನೂರಕ್ಕೆ 80 ಮಂದಿ ಒಪ್ಪಬೇಕು, ಸರ್ಕಾರ-ಖಾಸಗಿ ಸೇರಿ ಮಾಡುವುದಾದರೆ 70 ಮಂದಿ. ಹಲವು ಯೋಜನೆಗಳಿಗೆ ಈ ಒಪ್ಪಿಗೆಯೇ ಬೇಡ ಅಂತ ಸುಗ್ರೀವಾಜ್ಞೆ ತಂದರು. ಒಂದಲ್ಲ, ಮೂರು ಸಲ. ಲೋಕಸಭೆಯಲ್ಲಿ ಪಾಸ್. ರಾಜ್ಯಸಭೆಯಲ್ಲಿ ಬಹುಮತ ಇಲ್ಲ. ಆಗಸ್ಟ್ ಕೊನೆಗೆ ಸುಗ್ರೀವಾಜ್ಞೆ ಸತ್ತುಹೋಯಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಾನು ಪಾಯಸ ಮಾಡಿದ್ದೆ. ನಗಬೇಡಿ.

ಯಾಕೆ ಅಂತ ಹೇಳುತ್ತೇನೆ. ಬಜ್ಪೆ ಕಡೆ ನನ್ನ ದೊಡ್ಡಪ್ಪನ ಜಾಗ ಇತ್ತು. 2013ಕ್ಕಿಂತ ತುಂಬಾ ಮೊದಲಿನ ಕಥೆ. ಒಂದು ದೊಡ್ಡ ಯೋಜನೆಗೆ ನೋಟಿಸ್ ಬಂತು. ಒಪ್ಪುತ್ತೀರಾ ಅಂತ ಯಾರೂ ಕೇಳಲಿಲ್ಲ. ಒಂದು ದಿನ ಇಬ್ಬರು ಹುಡುಗರು ಬಣ್ಣದ ಡಬ್ಬಿ ಹಿಡಿದು ಬಂದು ಮರಗಳಿಗೆಲ್ಲ ನಂಬರ್ ಬರೆದರು. ಅಂಗಳದ ಹಲಸಿಗೆ 41. ದೊಡ್ಡಪ್ಪ ಅವರಿಗೆ ಮಜ್ಜಿಗೆ ಕೊಟ್ಟರು. ‘ನಾಗಬನಕ್ಕೂ ನಂಬರ್ ಹಾಕುತ್ತೀರಾ?’ ಅಂತ ಕೇಳಿದರು. ಹುಡುಗರು ಚಪ್ಪಲಿ ಬಿಟ್ಟು ಬನದ ಹೊರಗೇ ನಿಂತು ಮರ ಎಣಿಸಿದರು, ಬಣ್ಣ ಹಚ್ಚಲಿಲ್ಲ. ಹಣ ಬಂತು, ಸೈಟೂ ಸಿಕ್ಕಿತು. ನಾಗನ ಕಲ್ಲನ್ನು ಶಾಸ್ತ್ರ ಪ್ರಕಾರ ಬೇರೆ ಕಡೆ ಪ್ರತಿಷ್ಠೆ ಮಾಡಿದ್ದಾಯಿತು. ದೊಡ್ಡಪ್ಪ ಹೊಸ ಮನೆಯಲ್ಲಿ ಎರಡು ವರ್ಷ ಬದುಕಿದರು. ಸಂಜೆಯಾದರೆ ಜಗಲಿಯಲ್ಲಿ ಕೂತು ಹಳೆಯ ಜಾಗದ ಕಡೆಗೇ ಮುಖ ಮಾಡುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ಕಾಂಪೌಂಡ್ ಗೋಡೆ ಮಾತ್ರ. ಆ ಕಾಲದಲ್ಲಿ ಎಲ್ಲಾದರೂ ಒಂದು ಹಲಗೆ ಅಡ್ಡ ಬಿದ್ದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ರಾಜ್ಯದ್ದೂ ಹೇಳಿಬಿಡುತ್ತೇನೆ. ದೇವಸ್ಥಾನಗಳ ಆದಾಯದಿಂದ ಸಾಮಾನ್ಯ ನಿಧಿಗೆ ಎಷ್ಟು ತೆಗೆಯಬೇಕು ಅನ್ನುವ ಮಸೂದೆ 2024ರ ಫೆಬ್ರವರಿಯಲ್ಲಿ ವಿಧಾನಸಭೆ ದಾಟಿ ಪರಿಷತ್ತಿನಲ್ಲಿ ಬಿದ್ದಿತು. ಕೊಲ್ಲೂರು, ಕುಕ್ಕೆ ಇರುವ ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಾ? ವಾರ ಕಳೆಯುವುದರೊಳಗೆ ಮತ್ತೆ ತಂದು ಪಾಸ್ ಮಾಡಿಕೊಂಡರು, ಅದು ಬೇರೆ. ಆದರೂ ಆ ಒಂದು ವಾರದಲ್ಲಿ ಮಸೂದೆಯೊಳಗೆ ಏನಿದೆ ಅಂತ ಜನರಿಗೆ ಗೊತ್ತಾಯಿತು. ಬಸ್ಸಿನಲ್ಲೂ ಅದೇ ಮಾತು.

ಮಹಿಳಾ ಮೀಸಲಾತಿ ತಡವಾಯಿತಲ್ಲ ಅಂತ ಎದುರಿನವರು ಹೇಳಿಯೇ ಹೇಳುತ್ತಾರೆ. ಅದೊಂದು ಬಿಡಿ, ಗಂಡಸರ ಸಭೆ, ಇನ್ನೇನಾಗುತ್ತದೆ. ಅವರ ಆಸೆ ಏನೆಂದರೆ ಮಸೂದೆಗಳು ಕಂಬಳದ ಕೋಣಗಳ ಹಾಗೆ ಓಡಬೇಕು, ಸೆಕೆಂಡಿನ ಲೆಕ್ಕದಲ್ಲಿ. ಓಡಲಿ. ಕೆಸರು ಎರಚುವುದು ಗದ್ದೆ ಬದಿಯಲ್ಲಿ ನಿಂತ ನಮಗೆ.

ವಿರೋಧ: ಅಜ್ಜಿಯ ಡಿಕ್ಲರೇಶನ್
(ವಕೀಲ, ಉಡುಪಿ)

ನಿಜ ಹೇಳಬೇಕೆಂದರೆ ನಾನು ಕೇಳಿದ್ದು ‘ಪರ’. ಅದು ಅಷ್ಟರಲ್ಲಿ ಟೀಚರ್ ಪಾಲಾಗಿತ್ತು. ವಕೀಲರಿಗೆ ಯಾವ ಕಡೆಯಾದರೇನು ಅಂತ ಸಂಪಾದಕರು ನಕ್ಕರು. ಸರಿ.

ಸಿಕ್ಕಿಬಿದ್ದದ್ದರ ಲೆಕ್ಕ ಕೊಡುತ್ತೇನೆ. ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಮೊದಲು ಬಂದದ್ದು 1996ರಲ್ಲಿ. 2010ರಲ್ಲಿ ರಾಜ್ಯಸಭೆ ಒಪ್ಪಿತು. ಎರಡೂ ಸದನ ದಾಟಿದ್ದು 2023ರಲ್ಲಿ. ಲೋಕಪಾಲ ಇನ್ನೂ ಹಳೆಯದು, 1968ರಿಂದ 2013. ಅಮೆರಿಕದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಬಜೆಟ್ ಕಗ್ಗಂಟಾಗಿ ವಿಮಾನಗಳಿಗೆ ದಾರಿ ತೋರಿಸುವ ನೌಕರರೂ ಸಂಬಳ ಕಾಣದೆ ದುಡಿದರು.

ಟೀಚರ್ ಬರೆದದ್ದನ್ನು ಸಂಪಾದಕರು ಕಳಿಸಿದ್ದರು. ದೊಡ್ಡಪ್ಪನ ಕಥೆ ಓದಿ ಬೇಸರವಾಯಿತು. ಆದರೆ ನಮ್ಮಲ್ಲಿ ಕೈಗಾರಿಕೆಗೆ ಜಮೀನು ಹಿಡಿಯಲು ಕರ್ನಾಟಕದ್ದೇ 1966ರ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆ ಇದೆ. ಅದರಲ್ಲಿ 70-80ರ ಒಪ್ಪಿಗೆ ಎಲ್ಲ ಇಲ್ಲ. 2015ರಲ್ಲಿ ದೆಹಲಿಯಲ್ಲಿ ಮಸೂದೆ ನಿಂತದ್ದಕ್ಕೆ ಇಲ್ಲಿ ಪಾಯಸ ಮಾಡಿದ್ದು ಸ್ವಲ್ಪ ದುಬಾರಿಯಾಯಿತು. ಪರಿಷತ್ತಿನ ತಡೆಯೂ ಅಷ್ಟೇ, ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು. ಅದರಾಚೆ ಸಂವಿಧಾನವೇ ಬಿಡುವುದಿಲ್ಲ. ಕೃಷಿ ಕಾಯ್ದೆ ದೊಡ್ಡ ಕಥೆ, ಅದಕ್ಕೆ ನಾನು ಹೋಗುವುದಿಲ್ಲ.

ನನಗೆ ಬರೆಯಬೇಕು ಅನಿಸಿದ್ದು ಅಜ್ಜಿ ನೆನಪಾಗಿ. ಅಜ್ಜಿ ಗೇಣಿ ಒಕ್ಕಲು. ಅಜ್ಜ ಬೇಗ ತೀರಿಕೊಂಡಿದ್ದರು. ಕೊಯ್ಲಾದ ಮೇಲೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಯ ಮನೆಗೆ ಹೊರಿಸಿಕೊಂಡು ಹೋಗಬೇಕು. ಅಲ್ಲಿ ಮುಡಿಯನ್ನು ತಟ್ಟಿ ನೋಡುತ್ತಿದ್ದರಂತೆ, ಸಡಿಲವಾಗಿದೆಯಾ ಅಂತ. ಭೂಸುಧಾರಣೆ ಕಾಯ್ದೆ 1961ರಲ್ಲೇ ಆಗಿತ್ತು, ಜಾರಿಗೆ ಬಂದದ್ದು 1965ರ ಅಕ್ಟೋಬರಿನಲ್ಲಿ. ಕಾಯ್ದೆ ಬರುತ್ತದೆ ಅಂತ ಗೊತ್ತಿದ್ದ ಧಣಿಗಳಿಗೆ ಒಕ್ಕಲು ಎಬ್ಬಿಸಲು ನಾಲ್ಕು ವರ್ಷ ಬಿಡುವು ಸಿಕ್ಕಿತು. ನಮ್ಮ ಬೈಲಿನಲ್ಲೇ ಮೂರು ಒಕ್ಕಲು ಆ ನಾಲ್ಕು ವರ್ಷದಲ್ಲಿ ಎದ್ದು ಹೋದವು. ಅವರ ಮಕ್ಕಳು ಮುಂಬೈ ಹೋಟೆಲು ಸೇರಿದರು. ಟೀಚರ್ ಹೇಳುವ ಹಲಗೆ ಅಂದರೆ ಇದು. ಮಳೆ ಬಂದ ಮೇಲೂ ಹಲಗೆ ಎತ್ತದಿದ್ದರೆ ಮುಳುಗುವುದು ತಗ್ಗಿನ ಗದ್ದೆ ಅಲ್ವಾ?

ಅಜ್ಜಿ ಹೇಗೋ ಉಳಿದರು. ಉಳುವವನಿಗೇ ಭೂಮಿ ಅನ್ನುವ ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು. ಅದೂ ಸದನದಲ್ಲೇ ಸಿಕ್ಕಿಬಿದ್ದಿದ್ದರೆ ನಾನು ಕೋಟು ಹಾಕುತ್ತಿರಲಿಲ್ಲ. ಗೇಣಿ ಜಮೀನು ತನ್ನ ಹೆಸರಿಗೆ ಮಾಡಿ ಅಂತ ಕೇಳುವ ಏಳನೇ ನಂಬರ್ ಫಾರ್ಮನ್ನು ಊರಿನ ಮೇಷ್ಟ್ರೊಬ್ಬರು ತುಂಬಿಸಿದರು, ಅಜ್ಜಿ ಹೆಬ್ಬೆಟ್ಟು ಒತ್ತಿದರು. ‘ಡಿಕ್ಲರೇಶನ್ ಹಾಕಿದೆ’ ಅನ್ನುವುದು ಅವರಿಗೆ ಬರುತ್ತಿದ್ದ ಒಂದೇ ಇಂಗ್ಲಿಷ್. ಆ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲಬಾರದು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಕೆಲಸ ಬೇಗ ಆದದ್ದು ಅದಕ್ಕೇ ಇರಬೇಕು.

ಆರ್ಡರ್ ಬಂದ ವರ್ಷವೂ ಅಜ್ಜಿ ಅಭ್ಯಾಸಬಲದಲ್ಲಿ ಮುಡಿ ಕಟ್ಟಿಸಿದರು, ಗಟ್ಟಿಯಾಗಿ. ಸಾಲಾಗಿ ಜಗಲಿಯಲ್ಲಿಟ್ಟು ಬಹಳ ಹೊತ್ತು ನೋಡುತ್ತಾ ನಿಂತರಂತೆ. ಆಮೇಲೆ ನನ್ನ ಅಮ್ಮನನ್ನು ಕರೆದು, ‘ಇದನ್ನೀಗ ಎಲ್ಲಿಡುವುದು?’ ಅಂತ ಕೇಳಿದರಂತೆ.